ಹನ್ನೊಂದನೆಯ ನಂಬರು

ಸಾಯಬಣ್ಣನಿಗೆ ಫೋನು ಬರುತ್ತಿತ್ತು, ನನಗೆ ಕಾಗದ ಬರುತ್ತಿತ್ತು. ಪೊಲೀಸ್ ಇಲಾಖೆಯಲ್ಲಿ ನಾನು ಕಳೆದ ಆಯುಷ್ಯದ ಸಾರಾಂಶ ಇಷ್ಟೇ. ಇಬ್ಬರೂ ಒಂದೇ ದಿನ ಭರ್ತಿಯಾದವರು, ಒಂದೇ ಮೈದಾನದಲ್ಲಿ ಓಡಿ ಒಂದೇ ಕಡೆ ವಾಂತಿ ಮಾಡಿಕೊಂಡವರು. ಅವನನ್ನು ಹಳ್ಳಿ ಸುತ್ತಲು ಕಳಿಸಿದರು. ಅಕ್ಷರ ದುಂಡಗಿದೆ ಎಂಬ ಅಪರಾಧಕ್ಕೆ ನನ್ನನ್ನು ಠಾಣೆಯ ರೈಟರ್ ಮಾಡಿ ಕುರ್ಚಿಗೆ ಕಟ್ಟಿದರು. ಆ ಅಪರಾಧಕ್ಕೆ ಜಾಮೀನು ಸಿಗಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಕಡೆ ನಾನು ಕುರ್ಚಿ ಸವೆಸಿದ್ದೇನೆ, ಹೋದಲ್ಲೆಲ್ಲ ಸಾಯಬಣ್ಣನೂ ಜೊತೆಗಿದ್ದ. ಯಾವ ಪ್ರಸಂಗ ಯಾವ ಠಾಣೆಯದು ಎಂದು ಮಾತ್ರ ಬರೆಯುವುದಿಲ್ಲ. ಪರರ ಗೋಪ್ಯವನ್ನು ಬಗೆಯುವುದೇ ಕಸುಬಾಗಿದ್ದವನು ತನ್ನದನ್ನು ಸ್ವಲ್ಪ ಮುಚ್ಚಿಟ್ಟುಕೊಂಡರೆ ಓದುಗರು ಮನ್ನಿಸಬೇಕು.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಡಿಗ್ರಿ ಮಾಡಿಕೊಂಡು ಬರುತ್ತಾರೆ. ಅವರಿಗೆ ಮೊದಲು ಒಂದು ಮಾತು ಹೇಳಬೇಕು. ಒಬ್ಬನ ಫೋನಿನಲ್ಲಿ ಆಡಿದ ಮಾತನ್ನು ಕೇಳಬೇಕೆಂದರೆ ಬೆಂಗಳೂರಿನ ಗೃಹ ಕಾರ್ಯದರ್ಶಿಯಿಂದ ಅಪ್ಪಣೆ ಬರಬೇಕು. ಅದಕ್ಕೆ ಕಾರಣ ಕೊಡಬೇಕು, ಮೇಲೆ ಅದನ್ನು ಪರಿಶೀಲಿಸುವ ಸಮಿತಿ ಇರುತ್ತದೆ. ಆದರೆ ಅವನು ಯಾರಿಗೆ ಫೋನು ಮಾಡಿದ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಟವರಿನ ಕೆಳಗೆ ನಿಂತು ಎಂಬ ಪಟ್ಟಿ ಬೇಕಾದರೆ ಜಿಲ್ಲೆಯ ದೊಡ್ಡ ಸಾಹೇಬರ ಸಹಿ ಸಾಕು. ಮಾತು ಕೇಳುವುದು ದೊಡ್ಡ ಪಾಪ, ಪಟ್ಟಿ ನೋಡುವುದು ಸಣ್ಣ ಪಾಪ ಎಂದು ಸರ್ಕಾರ ತೀರ್ಮಾನಿಸಿದೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆ ಸಣ್ಣ ಪಾಪದ ಅರ್ಚಕ ನಾನೇ ಆಗಿದ್ದೆ. ಪತ್ರ ನಾನೇ ಬರೆಯುತ್ತಿದ್ದೆ, ಕಂಪನಿಯಿಂದ ಬಂದ ಪಟ್ಟಿಯನ್ನು ನಾನೇ ಮುದ್ರಿಸಿ, ಕೆಂಪು ನೀಲಿ ಪೆನ್ಸಿಲು ಹಿಡಿದು ಗೆರೆ ಎಳೆಯುತ್ತಿದ್ದೆ.

ಆ ಗೆರೆಗಳ ಪ್ರತಾಪಕ್ಕೆ ಒಂದು ಉದಾಹರಣೆ. ನಮ್ಮ ಹದ್ದಿನ ಎರಡು ಹಳ್ಳಿಗಳಲ್ಲಿ ಒಂದೇ ವಾರದಲ್ಲಿ ಒಂದೊಂದು ಎಮ್ಮೆ ಕಳುವಾಯಿತು. ಎರಡೂ ಊರಿನ ಟವರಿನ ಪಟ್ಟಿ ತರಿಸಿ, ಎರಡರಲ್ಲೂ ಇದ್ದ ಒಂದೇ ಒಂದು ನಂಬರನ್ನು ನಾಲ್ಕು ದಿನ ಕೂತು ಹುಡುಕಿ ತೆಗೆದೆ. ಅಷ್ಟೇ ಅಲ್ಲ, ಎರಡು ಕಡೆಯೂ ಆತ ಗಂಟೆಗಟ್ಟಲೆ ನಿಂತಿದ್ದ. ಹೋಗಿ ಹಿಡಿದುಕೊಂಡು ಬಂದರು.

“ಎಮ್ಮಿ ಕಟ್ಟಿದ ಜಾಗಾದಾಗ ಏನ್ ಮಾಡ್ಲಿಕತ್ತಿದ್ದಿ?” ಎಂದು ನಮ್ಮ ಪಿಎಸ್‌ಐ ಮೇಜು ಗುದ್ದಿದರು.

“ಗರ್ಭ ಕಟ್ಟಸ್ಲಿಕತ್ತಿದ್ದೆರಿ. ನಾ ದನದ ಡಾಕ್ಟರ್ ಇದ್ದೀನಿ,” ಎಂದ ಆತ.

ನಾವು ಆತನ ಡಾಕ್ಟರಿಕೆಯನ್ನು ಪರಿಶೀಲಿಸುತ್ತಿರುವಾಗ ಸಾಯಬಣ್ಣ ಎರಡೂ ಎಮ್ಮೆಗಳನ್ನು ಹೊಡೆದುಕೊಂಡು ಠಾಣೆಯ ಅಂಗಳಕ್ಕೆ ಬಂದ. ಹೆಂಗೆ ಸಿಕ್ಕವೋ ಎಂದರೆ, “ಒಂದು ಫೋನ್ ಬಂತ್ರಿ ರೈಟರ್ ಸಾಹೇಬ್ರೆ,” ಎಂದ. ಮುಂದೆ ಪಿಎಸ್‌ಐ ಅವರ ಮನೆಯ ಎಮ್ಮೆ ಈಯಲಾರದೆ ಒದ್ದಾಡಿದಾಗ ಆ ಡಾಕ್ಟರು ಅವರ ಕರೆಯನ್ನು ಎತ್ತಲೇ ಇಲ್ಲ. ಎತ್ತದ ಕರೆ ಪಟ್ಟಿಯಲ್ಲೂ ಬರುವುದಿಲ್ಲ ಎಂಬುದು ಅವರಿಗೆ ದುಃಖದ ಮೇಲೆ ದುಃಖ.

ಆ ದಿನದಿಂದ ಸಾಯಬಣ್ಣನ ಫೋನು ನನ್ನ ಹೊಟ್ಟೆಯೊಳಗೆ ರಿಂಗಾಗತೊಡಗಿತು. ಅದು ಕೀಲಿಮಣೆಯ ಹಳೆಯ ಫೋನು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಪೇಟೆಯಲ್ಲಿ ಮೋಟರ್ ಸೈಕಲ್ ಕಳುವಾದರೆ ಅವನಿಗೆ ಫೋನು. ತೆಲಂಗಾಣದ ಗಡಿಯಲ್ಲಿ ಜಗಳವಾದರೆ ಅವನಿಗೆ ಫೋನು, ಅದೂ ಅರ್ಧ ತೆಲುಗಿನಲ್ಲಿ. ಅವನಿಗೆ ತೆಲುಗು ಬರುತ್ತಿರಲಿಲ್ಲ, ಆದರೂ ತಿಳಿಯುತ್ತಿತ್ತು. ನನಗೆ ಕನ್ನಡ, ಇಂಗ್ಲಿಷು, ಹಳೆಯ ಕಾಗದಗಳ ಮೋಡಿ ಲಿಪಿ ಎಲ್ಲ ಬರುತ್ತಿತ್ತು, ಯಾರೂ ಏನೂ ಹೇಳುತ್ತಿರಲಿಲ್ಲ. ಸಾಹೇಬರು ಬದಲಾದರೂ ಅವರ ವಾಕ್ಯ ಬದಲಾಗಲಿಲ್ಲ: “ಚಂದ್ರಶಾ, ನಿನ್ನ ಕಾಗದ ಬರೋದ್ರಾಗ ಸಾಯಬಣ್ಣ ಕಳ್ಳನ್ನ ಕುಂದ್ರಿಸಿ ಚಹಾ ಕುಡಿಸಿರ್ತಾನ.” ಚಂದ್ರಶಾ ಎಂದರೆ ನಾನು.

ಇನ್ನು ಕೊಸರಿನ ವಿಷಯ. ಸಂತೆಯಲ್ಲಿ ಬದನೆಕಾಯಿ ತೂಗಿಸಿದ ಮೇಲೆ ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿಸಿಕೊಳ್ಳುತ್ತೇವಲ್ಲ, ಹಾಗೆ ನಂಬರುಗಳಿಗೂ ಕೊಸರು ಇತ್ತು. ನನ್ನ ಮೇಲಧಿಕಾರಿಯಾಗಿದ್ದ ಒಬ್ಬ ಇನ್‌ಸ್ಪೆಕ್ಟರು, ಮೀಸೆಗೆ ದಿನಾ ಎಣ್ಣೆ ಹಚ್ಚುತ್ತಿದ್ದವರು, ಒಂದು ದಿನ ಬೀಡಿ ಕಟ್ಟಿನ ಕಾಗದದ ಮೇಲೆ ಹತ್ತು ಅಂಕಿ ಬರೆದು ನನ್ನ ಮುಂದೆ ಸರಿಸಿದರು.

“ಈ ಕೇಸಿನ ಪಟ್ಟಿಯೊಳಗ ಇದೊಂದು ಹಾಕು.”

“ಯಾರ್ದುರಿ ಸಾಹೇಬ್ರೆ?”

“ಅನುಮಾನದ ಮನಷಾ.”

ಪಟ್ಟಿ ಬಂದಾಗ ಆ ಒಂದು ನಂಬರಿನ ಹಾಳೆಗಳನ್ನು ಅವರು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಒಯ್ದರು. ಆ ಅನುಮಾನದ ಮನುಷ್ಯ ಅವರ ಅಳಿಯ ಎಂದು ಆಮೇಲೆ ತಿಳಿಯಿತು. ಅಳಿಯ ನಿರಪರಾಧಿಯೋ ಅಲ್ಲವೋ ಕಾಣೆ, ಮೀಸೆಗೆ ಎಣ್ಣೆ ಹಚ್ಚುವುದು ಮಾತ್ರ ಎರಡು ವಾರ ನಿಂತಿತ್ತು. ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಹತ್ತು ನಂಬರಿಗೂ ಒಂದೇ ಸಹಿ, ಹನ್ನೊಂದಕ್ಕೂ ಒಂದೇ ಸಹಿ. ದೊಡ್ಡ ಸಾಹೇಬರು ಎಣಿಸುತ್ತಾ ಕೂಡುವವರಲ್ಲ. ಯಾರ ಬಾಗಿಲೂ ಮುರಿಯಲಿಲ್ಲ, ಯಾರ ಕೊರಳಪಟ್ಟಿಯೂ ಹಿಡಿಯಲಿಲ್ಲ. ಒಂದು ಹಾಳೆ ಹೆಚ್ಚಿಗೆ ಬಂತು, ಅಷ್ಟೇ.

ನನ್ನ ಸೇವೆಯ ಕಡೆಯ ವರ್ಷಗಳಲ್ಲಿ ಕಾಗಿಣಾ ನದಿ ದಂಡೆಯ ಹೊಲಗಳಿಂದ ಪಂಪಿನ ಮೋಟಾರುಗಳು ಕಳುವಾಗತೊಡಗಿದವು. ಆಗ ನಮಗೆ ಹೊಸ ಇನ್‌ಸ್ಪೆಕ್ಟರ್ ಮೇಡಂ ಬಂದಿದ್ದರು, ಮಂಡ್ಯ ಕಡೆಯವರು, ನನ್ನ ಮಗಳ ವಯಸ್ಸಿನವರು. ಗುಜರಿ ವ್ಯಾಪಾರದವರದೂ ಹಳೆಯ ಕಳ್ಳರದೂ ಸೇರಿ ಹತ್ತು ನಂಬರು ಕೊಟ್ಟು ಪತ್ರ ತಯಾರಿಸಲು ಹೇಳಿದರು. ಹೇಳಿ ಬಾಗಿಲವರೆಗೆ ಹೋದವರು ತಿರುಗಿ, “ಅಷ್ಟರಲ್ಲಿ ಸಾಯಬಣ್ಣನೋರೇ ಹಿಡಿದುಬಿಡ್ತಾರೇನೋ,” ಎಂದು ನಕ್ಕರು.

ಆ ನಗೆಗೆ ನಾನು ಹನ್ನೊಂದನೆಯ ನಂಬರು ಬರೆದೆ. ಸಾಯಬಣ್ಣನದು. ಅವನಿಗೆ ಸುದ್ದಿ ಕೊಡುವ ಆ ಮಹಾನುಭಾವ ಯಾರು ಎಂದು ಒಮ್ಮೆ ತಿಳಿದರೆ ಸಾಕಿತ್ತು. ಮೇಡಂ ಸಹಿ ಹಾಕಿದರು, ಜಿಲ್ಲೆಯ ಸಾಹೇಬರು ಹಾಕಿದರು, ಪಟ್ಟಿ ಬಂತು. ಅಷ್ಟರಲ್ಲಿ ಸಾಯಬಣ್ಣ ಎರಡು ಮೋಟಾರು, ಮೂವರು ಕಳ್ಳರನ್ನು ತಂದು ಕೂಡಿಸಿಯೂ ಆಗಿತ್ತು. ಆದರೂ ಹತ್ತು ಜನರ ಹಾಳೆಗಳನ್ನು ಬದಿಗಿಟ್ಟು ನಾನು ಹನ್ನೊಂದನೆಯವನದನ್ನೇ ಮೊದಲು ಓದಿದೆ. ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ಒಂದೇ ನಂಬರು. ಹನ್ನೆರಡು ನಿಮಿಷ, ಹದಿನಾಲ್ಕು ನಿಮಿಷ, ಒಂದು ದಿನವಂತೂ ಇಪ್ಪತ್ತೊಂದು. ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಬಹಳ ಸಂತೋಷದಿಂದ ಎಳೆದೆ.

ಆ ನಂಬರಿಗೆ ನನ್ನ ಫೋನಿನಿಂದ ಒಮ್ಮೆ ಹಚ್ಚಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗುರುತಿಲ್ಲದ ನಂಬರಿಗೆ ಫೋನು ಹಚ್ಚಬಾರದು, ಆಸಾಮಿ ಎಚ್ಚರಾಗುತ್ತಾನೆ ಎಂಬುದು ಹೊಸಬರಿಗೆ ನಾನೇ ಕಲಿಸಿದ ಪಾಠ. ಆದ್ದರಿಂದ ಶಾಸ್ತ್ರೋಕ್ತವಾಗಿ ಇನ್ನೊಂದು ಪತ್ರ ಬರೆದೆ. “ಇದೊಂದು ನಂಬರಿನ ಮೇಲ ಭಾಳ ಅನುಮಾನ ಅದರಿ ಮೇಡಂ, ಇದರ ಮಾಲಕ ಯಾರಂತ ತಿಳೀಬೇಕು,” ಎಂದು ಗಂಭೀರವಾಗಿ ಹೇಳಿ ಸಹಿ ಹಾಕಿಸಿಕೊಂಡೆ. ಉತ್ತರ ಮೇಡಂ ಅವರ ಮೇಲ್‌ಗೇ ಬಂತು. ನನ್ನನ್ನು ಕರೆದರು.

“ಚಂದ್ರಶಾ ಅವ್ರೇ, ಕೂತ್ಕೊಳ್ಳಿ. ನಿಮ್ಮ ಅನುಮಾನದ ಮನುಷ್ಯ ಸಿಕ್ಕಿದಾನೆ.”

“ಯಾರ್ರಿ ಮೇಡಂ?”

ಅವರು ಹಾಳೆ ತಿರುಗಿಸಿ ನನ್ನ ಮುಂದಿಟ್ಟರು. ಬಲಗಡೆ ಮೂಲೆಯಲ್ಲಿ ಫೋಟೋ. ಬಣ್ಣ ಹಚ್ಚಿದ ಮೀಸೆ, ಸಿಮ್ ಅಂಗಡಿಯವನು ನಗಬೇಡಿ ಎಂದದ್ದಕ್ಕೆ ಬಿಗಿದುಕೊಂಡ ಮುಖ. ಪಕ್ಕದಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು, ಚಿತ್ತಾಪುರದ ನನ್ನ ಮನೆ.

“ಇವ್ರನ್ನ ವಿಚಾರಣೆಗೆ ಕರೆಸೋಣ್ವಾ, ಅಥವಾ ನೀವೇ ಕರ್ಕೊಂಡು ಬರ್ತೀರಾ?” ಎಂದರು ಮೇಡಂ. ನಗಲಿಲ್ಲ.

ಆ ಸಿಮ್ಮು ನನ್ನ ಹೆಸರಿನದು ಹೌದು. ಆರು ವರ್ಷದ ಹಿಂದೆ ನನ್ನ ಹೆಂಡತಿ ಕಾಶಿಬಾಯಿಗೆಂದು ತಂದುಕೊಟ್ಟದ್ದು. ನನ್ನ ಫೋನಿನಲ್ಲಿ ಅದು ‘ಮನೆ’ ಎಂದು ಇದೆ. ಆ ಹತ್ತು ಅಂಕಿಗಳನ್ನು ನಾನು ಒಮ್ಮೆಯೂ ಓದಿರಲಿಲ್ಲ. ಊರವರ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿದವನಿಗೆ ಹೆಂಡತಿಯ ನಂಬರು ಗೊತ್ತಿರಲಿಲ್ಲ.

ಮೇಡಂ ಮೊದಲ ಪಟ್ಟಿಯನ್ನೂ ತೆಗೆದು ಬೆರಳಿಟ್ಟು ಎಣಿಸಿದರು. ಹನ್ನೊಂದು. “ನಾನು ಕೊಟ್ಟಿದ್ದು ಹತ್ತು. ನೀವು ಹಿರಿಯರು ಅಂತ ಎಣಿಸದೇ ಸಹಿ ಹಾಕ್ದೆ,” ಎಂದರು. ನಾನು ಎದ್ದು ಹೊರಗೆ ಬಂದೆ.

ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ಹಳೆಯ ಹೊಟ್ಟೆಕಿಚ್ಚು ಹೋಗಿ ಹೊಸದು ಬಂದಿತ್ತು. ಹಳೆಯದು ಇದರ ಮುಂದೆ ತಂಪಾದ ಮಜ್ಜಿಗೆ. ದಿನಾ ಹದಿನಾಲ್ಕು ನಿಮಿಷ! ನನ್ನ ಜೊತೆ ಕಾಶಿಬಾಯಿಯ ದಿನದ ಮಾತು “ಊಟ ಮಾಡ್ರಿ”ಯಿಂದ ಶುರುವಾಗಿ “ದೀಪ ಆರಸ್ರಿ” ಎನ್ನುವಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮನೆಯ ಹೊರಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ದಂಡೋತಿಯಿಂದ ಹಿಡಿದು ನದಿ ದಂಡೆಯ ಊರುಗಳ ಹೆಣ್ಣುಮಕ್ಕಳು ಚಿತ್ತಾಪುರದ ಸಂತೆಗೆ ಬಂದಾಗ ಅಲ್ಲಿ ಕುಬಸದ ಅಳತೆ ಕೊಟ್ಟು ಹೋಗುತ್ತಿದ್ದರು. ನಾನು ಹೋದ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಕಾಶಿಬಾಯಿ ಬಟ್ಟೆ ಕತ್ತರಿಸುತ್ತಿದ್ದಳು.

“ಸಾಯಬಣ್ಣನ ಕೂಡ ದಿನಾ ಏನು ಮಾತು?” ಎಂದೆ. ವಿಚಾರಣೆಯ ಧ್ವನಿಯಲ್ಲೇ ಕೇಳಿದೆ.

ಅವಳು ಕತ್ತರಿ ನಿಲ್ಲಿಸಲಿಲ್ಲ. “ಮಂದಿ ಸುದ್ದಿ. ಯಾರ ಮನಿಗಿ ಯಾರು ಏನ್ ತಂದಾರ, ಯಾವ ಕೊಟ್ಟಗ್ಯಾಗ ಯಾರ ಎಮ್ಮಿ ಅದ.”

“ಅಂದ್ರ ಆ ಎಮ್ಮಿ ಸುದ್ದಿ...”

“ನಾನೇ ಹೇಳಿದ್ದು. ಮದಲ ನಿಮಗೇ ಹೇಳಿದ್ದೆ. ನೆನಪದ ಏನ್ ಅಂದ್ರಿ ಅಂತ?”

“ಏನಂದೆ?”

“ಸಾಕ್ಷಿ ಇಲ್ಲದ ಮಾತು ಪೊಲೀಸರ ಮುಂದ ಆಡಬ್ಯಾಡ, ನನ್ನ ಅಂಗಿ ಗುಂಡಿ ಹಚ್ಚು ಅಂದ್ರಿ. ಹಚ್ಚಿದೆ. ಆಮ್ಯಾಲ ಸಾಯಬಣ್ಣಗ ಹೇಳಿದೆ. ಅಂವ ಏನಂದ ಗೊತ್ತದೇನು? ‘ಇನ್ನೊಮ್ಮಿ ಹೇಳ್ರಿ ವೈನಿ, ಸಮಾಧಾನದಿಂದ ಹೇಳ್ರಿ’ ಅಂದ.”

ಓದುಗರೇ, ಮೀಸೆಗೆ ಎಣ್ಣೆ ಹಚ್ಚುವ ಇನ್‌ಸ್ಪೆಕ್ಟರು ಅಳಿಯನ ಹಾಳೆಯಲ್ಲಿ ಏನು ಓದಿದ್ದರೋ ತಿಳಿಯದು. ಅದಕ್ಕಿಂತ ಕೆಟ್ಟದ್ದನ್ನು ನಾನು ಕೇಳಿಸಿಕೊಂಡೆ ಎಂದು ಧೈರ್ಯವಾಗಿ ಹೇಳಬಲ್ಲೆ. ‘ಸಮಾಧಾನದಿಂದ ಹೇಳ್ರಿ’ ಎಂದು ನಾನು ಅವಳಿಗೆ ಯಾವತ್ತಾದರೂ ಅಂದಿದ್ದೆನೇ ಎಂದು ಹುಡುಕಿದೆ. ದಾಖಲೆ ಸಿಗಲಿಲ್ಲ.

“ಒಂದ್ ದಿನ ಇಪ್ಪತ್ತೊಂದು ನಿಮಿಷ ಮಾತಾಡೀರಿ,” ಎಂದೆ.

ಕತ್ತರಿ ಈಗ ನಿಂತಿತು. “ನಿಮಿಷ ನಿಮಗ ಹೆಂಗ ಗೊತ್ತಾಯ್ತು?”

ಹೇಳಿದೆ. ಅವಳು ಸಿಟ್ಟಾಗಲಿಲ್ಲ. “ಆ ಹಾಳಿ ಈಗ ಎಲ್ಲದ?”

“ಕೇಸಿನ ಫೈಲ್‌ನ್ಯಾಗ.”

“ಫೈಲ್ ಯಾರು ನೋಡ್ತಾರ?”

“ಕೋರ್ಟು. ಆಮ್ಯಾಲ ಆರೋಪಿಗೂ ಒಂದು ಕಾಪಿ ಕೊಡಬೇಕಾಗ್ತದ.”

ಅವಳು ಕತ್ತರಿ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದ್ದು ಇದು. ಮೋಟಾರಿನ ಸುದ್ದಿ ತಂದವಳು ಆ ಮೂವರು ಕಳ್ಳರಲ್ಲಿ ಒಬ್ಬನ ಹೆಂಡತಿಯೇ. ಅವಳ ಅಣ್ಣನ ಹೊಲದ ಮೋಟಾರನ್ನೇ ಅವಳ ಗಂಡ ಕಿತ್ತು ತಂದಿದ್ದ. ಅಳತೆ ಕೊಡುವಾಗ ಅತ್ತು ಹೇಳಿದ್ದಳು. ಆ ಇಪ್ಪತ್ತೊಂದು ನಿಮಿಷ ಅದೇ ದಿನದ್ದು. ಅವಳ ಗಂಡ ಹಾಳೆ ನೋಡಿದರೆ, ಪೊಲೀಸಪ್ಪ ಆ ದಿನ ಯಾರ ಜೊತೆ ಅಷ್ಟು ಹೊತ್ತು ಮಾತಾಡಿದ ಎಂದು ಕಾಣುತ್ತದೆ. ತನ್ನ ಹೆಂಡತಿ ಆ ದಿನ ಯಾರ ಅಂಗಡಿಗೆ ಹೋಗಿದ್ದಳು ಎಂಬುದು ಅವನಿಗೆ ಗೊತ್ತೇ ಇದೆ. ಕೂಡಿಸಲು ಪೆನ್ಸಿಲು ಬೇಕಾಗಿಲ್ಲ.

“ಅಂವ ಆಕಿನ್ನ ಇಡಂಗಿಲ್ಲ,” ಎಂದಳು ಕಾಶಿಬಾಯಿ. “ಒಂದ್ ಮಾತೂ ಕೇಳದೆ ನೀವು ಎಲ್ಲಾ ಹೊರಗ ಹಾಕಿಬಿಟ್ರಿ.”

ಸಣ್ಣ ಪಾಪ ಎಂದು ಸರ್ಕಾರ ತೀರ್ಮಾನಿಸಿದೆ ಎಂದೆನಲ್ಲ, ಆ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಆ ಹೊರಕೋಣೆಯಲ್ಲಿ. ಈಗ ಸಂದೇಶಗಳಿಗೆಲ್ಲ ಬೀಗ ಹಾಕಿದ್ದಾರೆ, ಒಳಗೆ ಏನಿದೆ ಯಾರೂ ಓದಲಾರರು ಎಂದು ಹೊಸ ಹುಡುಗರು ಹೇಳುತ್ತಾರೆ. ಇರಬಹುದು. ಆ ಹೆಣ್ಣುಮಗಳ ಒಂದು ಮಾತನ್ನೂ ನಾನು ಓದಿರಲಿಲ್ಲ. ಯಾರು, ಯಾವಾಗ, ಎಷ್ಟು ಹೊತ್ತು, ಇಷ್ಟೇ ಅವಳ ಕುತ್ತಿಗೆಗೆ ಬಂದಿತ್ತು.

ಮರುದಿನ ಬೆಳಿಗ್ಗೆ ಮೇಡಂ ಮುಂದೆ ನಿಂತೆ. ಸಾಯಬಣ್ಣನನ್ನೂ ಅವರು ಕರೆಸಿದ್ದರು. ಎಲ್ಲ ಹೇಳಿದ ಮೇಲೆ ನನ್ನ ಸಲಹೆಯನ್ನೂ ಕೊಟ್ಟೆ: “ಹನ್ನೊಂದನೇ ನಂಬರಿನ ಹಾಳಿ ಹರದು ಒಗದ್ರ ಆಯ್ತಲ್ಲರಿ ಮೇಡಂ.”

“ಪಟ್ಟಿ ಜೊತೆ ಬಂದ ಕಂಪನಿಯೋರ ಪ್ರಮಾಣಪತ್ರದಲ್ಲಿ ಹನ್ನೊಂದು ಅಂತ ಇದೆ. ಹತ್ತು ಹಾಕಿದ್ರೆ ಹನ್ನೊಂದನೇದು ಎಲ್ಲಿ ಅಂತ ಆರೋಪಿಗಳ ವಕೀಲರೇ ಕೇಳ್ತಾರೆ, ಆಗ ಊರಿಗೆಲ್ಲಾ ಗೊತ್ತಾಗುತ್ತೆ. ಆ ನಂಬರು ಈ ಕೇಸಿಗೆ ಸಂಬಂಧವಿಲ್ಲ, ಅಧಿಕಾರ ಇಲ್ಲದೇ ಸೇರಿಸಿದ್ದು ಅಂತ ವರದಿ ಹೋಗಬೇಕು. ಆಗ ಹತ್ತಕ್ಕೆ ಬೇರೆ ಪ್ರಮಾಣಪತ್ರ ತರಿಸಬಹುದು. ಸೇರಿಸಿದೋರೇ ಬರೀಬೇಕು. ನಾನು ಎಣಿಸಲಿಲ್ಲ ಅಂತ ನಾನೂ ಬರೀತೀನಿ.”

ದುಂಡಗಿನ ಅಕ್ಷರದಲ್ಲಿ ಶುರುಮಾಡಿದೆ. ‘ಕಣ್ತಪ್ಪಿನಿಂದ’ ಎಂದು ಬರೆಯುವಷ್ಟರಲ್ಲಿ ಮೇಡಂ ಮೇಜಿನ ಆಚೆಯಿಂದ ಬಗ್ಗಿ ನೋಡಿದರು.

“ಅದನ್ನ ಹೊಡೆದುಹಾಕಿ. ಕಣ್ತಪ್ಪಿ ಹತ್ತು ಅಂಕಿ ಬರೋಲ್ಲ.”

ಇಲಾಖೆಯಲ್ಲಿ ಆ ಪದವಿಲ್ಲದೆ ತಪ್ಪೊಪ್ಪಿಗೆ ಬರೆದವನು ನಾನೇ ಮೊದಲಿಗನಿರಬೇಕು. ಬಹಳ ಹೊತ್ತು ಯೋಚಿಸಿ ‘ಸಹೋದ್ಯೋಗಿಯ ಮೇಲಿನ ಅಸೂಯೆಯಿಂದ’ ಎಂದು ಬರೆದೆ. ಸರ್ಕಾರಿ ಕಾಗದದ ಮೇಲೆ ಆ ಪದ ಬಹಳ ವಿಚಿತ್ರವಾಗಿ ಕಂಡಿತು, ಕಚೇರಿಯ ಮೊಹರು ಅದರ ಪಕ್ಕದಲ್ಲಿ ಕೂಡಲು ಸಂಕೋಚಪಟ್ಟಂತೆ.

ಸಾಯಬಣ್ಣ ನನ್ನ ಹೆಗಲ ಮೇಲಿಂದ ಅದನ್ನು ಓದಿದ. “ರೈಟರ್ ಸಾಹೇಬ್ರೆ, ನನ್ನ ಮೇಲ ಅಸೂಯಾ? ನಿಮ್ಮ ಕುರ್ಚಿ ಮ್ಯಾಲಿನ ಫ್ಯಾನ್ ನೋಡಿ ನಾ ಮೂವತ್ತು ವರ್ಷ ಉರಕೊಂಡೀನಿ. ಬಿಸಲಾಗ ನಿಮಗೇನ್ ಕಂಡದ?”

“ಮಂದಿ ನಿನಗ ಫೋನ್ ಮಾಡ್ತಾರಲ್ಲೊ.”

“ಕೇಳಿದ್ರ ಫೋನೇ ಕೈಯಾಗ ಕೊಡ್ತಿದ್ದೆ. ಇನ್ನ ವೈನಿಗಿ ಹಚ್ಚಲಿಕ್ಕ ನನಗ ಮನಸ್ ಬರಂಗಿಲ್ಲ ನೋಡ್ರಿ,” ಎಂದವನೇ ಹೊರಗೆ ಹೋದ.

ಹತ್ತು ನಂಬರಿನ ಹೊಸ ಪ್ರಮಾಣಪತ್ರ ಬಂತು. ಹನ್ನೊಂದನೆಯದು ಕೇಸಿನಿಂದ ಹೊರಬಿದ್ದಿತು. ಆ ಹೆಣ್ಣುಮಗಳ ಗಂಡನಿಗೆ ಏನೂ ತಿಳಿಯಲಿಲ್ಲ. ಅವಳ ಹೆಸರನ್ನು ನಾನೂ ಕೇಳಲಿಲ್ಲ, ಕಾಶಿಬಾಯಿಯೂ ಹೇಳಲಿಲ್ಲ. ನನಗಾದ ಶಿಕ್ಷೆಯ ವಿವರ ಬಡ್ತಿಯ ವಿವರದಷ್ಟೇ ನೀರಸ. ವಶಪಡಿಸಿಕೊಂಡ ಸಾಮಾನು ಇಡುವ ಕೋಣೆಗೆ ಹಾಕಿದರು. ನಿವೃತ್ತಿಯಾಗುವವರೆಗೆ ಆ ಎರಡು ಮೋಟಾರುಗಳ ನಡುವೆ ಕೂತೆ. ಅವೂ ನನ್ನೊಡನೆ ಮಾತಾಡಲಿಲ್ಲ.

ಅದಕ್ಕಿಂತ ದೊಡ್ಡ ಶಿಕ್ಷೆ ಮನೆಯಲ್ಲಿ ನಡೆದಿತ್ತು. ಅಂಗಡಿಗೆ ಬಂದವರಿಗೆಲ್ಲ ಕಾಶಿಬಾಯಿ ತಾನೇ ಹೇಳಿದಳು: “ನನ್ನ ಫೋನ್ ಮನಿಯವರ ಹೆಸರಿಲೆ ಅದ. ಅವ್ರು ಎಣಸ್ತಾರ. ನನ್ನ ಮುಂದ ಏನೂ ಹೇಳಬ್ಯಾಡ್ರಿ.” ಹೆಣ್ಣುಮಕ್ಕಳು ಅಳತೆ ಕೊಟ್ಟು, ಬಟ್ಟೆ ಇಟ್ಟು, ಸುಮ್ಮನೆ ಹೋಗತೊಡಗಿದರು. ನಾನು ಒಳಗೆ ಕೂತು ಆ ಮೌನವನ್ನು ಕೇಳುತ್ತಿದ್ದೆ. ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಮೂರಾದರೆ ಅವಳು ಒಮ್ಮೆ ಫೋನಿನ ಕಡೆ ನೋಡುತ್ತಿದ್ದಳು. ಸಾಯಬಣ್ಣನ ಮೇಲೆ ಆಗಲೂ ಹೊಟ್ಟೆಕಿಚ್ಚಾಯಿತು. ಅವನು ಫೋನು ಮಾಡದಿದ್ದರೂ ಹೊಟ್ಟೆ ಉರಿಯುತ್ತದೆ ಎಂಬುದು ನನಗೆ ಹೊಸ ವಿಷಯ.

ಕಡೆಗೆ ನಾನೇ ಒಂದು ದಿನ, “ನಿನ್ನ ಹೆಸರಿಲೆ ಒಂದು ಸಿಮ್ ತೊಗೊ,” ಎಂದೆ. ಬಸ್ ನಿಲ್ದಾಣದ ಸಿಮ್ ಅಂಗಡಿಗೆ ಅವಳು ತನ್ನ ಆಧಾರ್ ಕಾರ್ಡು ಹಿಡಿದು ಮುಂದೆ ನಡೆದಳು, ನಾನು ಹಿಂದೆ. ಅಂಗಡಿಯವನು ಫೋಟೋ ತೆಗೆದ, ಬೆರಳೊತ್ತಿಸಿಕೊಂಡ, ಆಮೇಲೆ ಕೇಳಿದ:

“ಮನಿಯವರದು ಇನ್ನೊಂದು ನಂಬರ್ ಹೇಳ್ರಿ ಅಕ್ಕೋರೆ.”

ನಾನು ಬಾಯಿ ತೆರೆದೆ. ಕಾಶಿಬಾಯಿ ಪಕ್ಕದ ಮನೆಯ ಬಳೆಗಾರ ಮುದುಕಿಯ ನಂಬರನ್ನು ಹತ್ತೂ ಅಂಕಿ ತಪ್ಪದೆ ಹೇಳಿದಳು. ನಾನು ಬಾಯಿ ಮುಚ್ಚಿ ರಸ್ತೆಯ ಕಡೆ ನೋಡಿದೆ. ಬಸ್ ನಿಲ್ದಾಣದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಆದರೂ ನೋಡಿದೆ.

ಹೊಸ ನಂಬರನ್ನು ಅವಳು ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೊರಕೋಣೆಯಲ್ಲಿ ಮತ್ತೆ ಗುಸುಗುಸು ಶುರುವಾಯಿತು. ನಾನು ಒಳಗೆ ಹೆಜ್ಜೆಯಿಟ್ಟರೆ ನಿಲ್ಲುತ್ತದೆ, ಹೊರಗೆ ಹೋದರೆ ನಗೆ ಕೇಳುತ್ತದೆ. ಆದ್ದರಿಂದ ಮೂರು ಗಂಟೆಗೆ ನಾನು ಹೊರಗೆ ಹೋಗುವ ಪದ್ಧತಿ ಇಟ್ಟುಕೊಂಡಿದ್ದೇನೆ. ಸಾಯಬಣ್ಣನೂ ನಿವೃತ್ತನಾಗಿದ್ದಾನೆ. ಅವನಿಗೆ ಆ ನಂಬರು ಗೊತ್ತೇ ಎಂದು ನಾನು ಕೇಳಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಹೊಸಬರಿಗೆ ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ಹೋದ ವಾರ ಕಟ್ಟೆಯ ಮೇಲೆ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹಿಂದೆ ಹೊಲಿಗೆ ಯಂತ್ರ ಓಡುವ ಸದ್ದು.

“ಜೋಳದ ಹಿಟ್ಟು ಆಗ್ಯಾದಂತ, ಗಿರಣಿಯಿಂದ ತರ್ರಿ.”

“ಯಾರ್ರಿ ಮಾತಾಡೋದು?” ಎಂದೆ, ಗೊತ್ತಿದ್ದೂ.

“ಪತ್ತಿ ಹಚ್ರಿ,” ಎಂದಳು. ಅವಳ ಹಿಂದೆ ನಾಲ್ಕೈದು ಹೆಣ್ಣುಮಕ್ಕಳು ಒಟ್ಟಿಗೆ ನಕ್ಕರು, ಫೋನು ಕಟ್ಟಾಯಿತು.

ನಾನು ಗಿರಣಿಗೆ ಹೋದೆ.